ಶಾಲೆಯಲ್ಲಿ ‘ಸಿಆರ್‌ಟಿ’ ಕಲಿಸುತ್ತಾರಂತೆ, ಸಹಿ ಹಾಕಲೇ?

ಪ್ರಶ್ನೆ: ನಾವು ದಾವಣಗೆರೆಯವರು. ಹನ್ನೊಂದು ವರ್ಷದಿಂದ ಟೆಕ್ಸಾಸಿನ ಡಲ್ಲಾಸ್ ಹತ್ತಿರ ಇದ್ದೇವೆ. ಮಗ ಎಂಟನೇ ಗ್ರೇಡು. ನಮ್ಮ ಬಡಾವಣೆಯ ವಾಟ್ಸ್‌ಆಪ್ ಗುಂಪಿನಲ್ಲಿ ಒಂದು ಮನವಿ ಓಡಾಡುತ್ತಿದೆ. ಶಾಲೆಯಲ್ಲಿ ಕದ್ದುಮುಚ್ಚಿ ಕ್ರಿಟಿಕಲ್ ರೇಸ್ ಥಿಯರಿ (ಸಿಆರ್‌ಟಿ) ಕಲಿಸುತ್ತಿದ್ದಾರೆ, ಬಿಳಿಯರೆಲ್ಲ ಹುಟ್ಟಿನಿಂದಲೇ ತಪ್ಪಿತಸ್ಥರು ಅಂತ ಮಕ್ಕಳ ತಲೆಗೆ ತುಂಬುತ್ತಿದ್ದಾರೆ, ಸ್ಕೂಲ್ ಬೋರ್ಡ್ ಇದನ್ನೆಲ್ಲ ನಿಲ್ಲಿಸಬೇಕು ಅಂತ ಅದರಲ್ಲಿದೆ. ಮುಂದೆ ಇದೇ ಜನ ಜಾತಿಯನ್ನೂ ಎಳೆದು ತಂದು ಭಾರತೀಯ ಮಕ್ಕಳಿಗೆ ಹಣೆಪಟ್ಟಿ ಹಚ್ಚುತ್ತಾರೆ ಅಂತಲೂ ಬರೆದಿದ್ದಾರೆ. ನಮ್ಮ ಮನೆಯವರು ಸಹಿ ಹಾಕೋಣ ಅನ್ನುತ್ತಾರೆ. ಮೊನ್ನೆ ಮಗ ಗುಲಾಮಗಿರಿಯ ಪಾಠ ಕೇಳಿ ಬಂದವನು, ‘ಅಮ್ಮಾ, ನಾವು ಬಿಳಿಯರ ಲೆಕ್ಕಾನಾ, ಅಲ್ವಾ?’ ಅಂತ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಈ ಥಿಯರಿ ಅಂದರೆ ನಿಜಕ್ಕೂ ಏನು? ನಾನು ಹೆದರಬೇಕೇ?

ಉತ್ತರ: ಸಹಿಯ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಮನವಿಯಲ್ಲಿ ಕಲಸಿಹೋಗಿರುವುದನ್ನು ಬಿಡಿಸಿಕೊಳ್ಳೋಣ. ಅಮೆರಿಕದಲ್ಲಿ ಈಗ ‘ಸಿಆರ್‌ಟಿ’ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಓಡಾಡುತ್ತಿವೆ. ಒಂದು, ಕಾನೂನು ಕಾಲೇಜುಗಳಲ್ಲಿ ಹುಟ್ಟಿದ ಸಿದ್ಧಾಂತ. ಇನ್ನೊಂದು, ಕಚೇರಿಗಳಲ್ಲೂ ಶಾಲಾ ಸಿಬ್ಬಂದಿಗೂ ನಡೆಸುವ ವೈವಿಧ್ಯದ ತರಬೇತಿ. ಮೂರನೆಯದು ಗುಲಾಮಗಿರಿ, ಅಂತರ್ಯುದ್ಧ, ಕಪ್ಪು ಮತ್ತು ಬಿಳಿಯ ಮಕ್ಕಳಿಗಿದ್ದ ಪ್ರತ್ಯೇಕ ಶಾಲೆಗಳು ಇವುಗಳ ಮಾಮೂಲಿ ಇತಿಹಾಸ ಪಾಠ. ನಿಮ್ಮ ಮಗ ಕೇಳಿ ಬಂದದ್ದು ಈ ಮೂರನೆಯದನ್ನು. ಟೆಕ್ಸಾಸಿನ ಎಂಟನೇ ಗ್ರೇಡಿನ ಸಮಾಜ ಪಾಠ ಅಮೆರಿಕದ ಇತಿಹಾಸವನ್ನು 1877ರವರೆಗೆ ಹೇಳುತ್ತದೆ. ಗುಲಾಮಗಿರಿಯನ್ನು ಬಿಟ್ಟು ಆ ಕಾಲವನ್ನು ಹೇಳಲು ಬರುವುದಿಲ್ಲ. ಈ ಗದ್ದಲ ಶುರುವಾಗುವ ಎಷ್ಟೋ ಮೊದಲಿನಿಂದ ಅದು ರಾಜ್ಯದ ಪಠ್ಯಕ್ರಮದಲ್ಲಿದೆ.

ಮೂರೂ ಒಂದೇ ಹೆಸರಿಗೆ ಬಂದದ್ದು ತೀರ ಇತ್ತೀಚೆಗೆ. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತ ಮೇಲೆ ದೇಶದುದ್ದಕ್ಕೂ ತರಬೇತಿಗಳು ಹೆಚ್ಚಿದವು. ಆ ಸೆಪ್ಟೆಂಬರಿನಲ್ಲಿ ಕ್ರಿಸ್ಟೊಫರ್ ರೂಫೊ ಎಂಬ ಕಾರ್ಯಕರ್ತ ಟಿವಿಯಲ್ಲಿ ಕುಳಿತು, ಸರ್ಕಾರಿ ನೌಕರರ ತರಬೇತಿಗಳಿಗೆಲ್ಲ ಸಿಆರ್‌ಟಿ ಎಂಬ ಹೆಸರು ಕೊಟ್ಟರು. ಅದೇ ತಿಂಗಳ 22ರಂದು ಅಧ್ಯಕ್ಷ ಟ್ರಂಪ್ ಅಂಥ ತರಬೇತಿಗಳನ್ನು ನಿರ್ಬಂಧಿಸುವ ಆದೇಶ ಹೊರಡಿಸಿದರು. 2021ರ ಜನವರಿಯಲ್ಲಿ ಬೈಡನ್ ಅಧಿಕಾರ ಹಿಡಿದ ದಿನವೇ ಅದು ರದ್ದಾಯಿತು, ಹೋರಾಟ ರಾಜ್ಯಗಳಿಗೆ ಇಳಿಯಿತು. ಐಡಾಹೊ, ಒಕ್ಲಹೋಮ, ಟೆನೆಸ್ಸಿ, ಟೆಕ್ಸಾಸ್ ಒಂದರ ಹಿಂದೊಂದು ಕಾನೂನು ಮಾಡಿದವು. ಅಲ್ಲಿಯವರೆಗೆ ವಿಶ್ವವಿದ್ಯಾಲಯಗಳ ಹೊರಗೆ ಈ ಹೆಸರು ಕೇಳಿದವರೇ ಅಪರೂಪ.

ಇನ್ನು ಸಿದ್ಧಾಂತದ ವಿಷಯ. ‘ಕ್ರಿಟಿಕಲ್’ ಅಂದರೆ ಇಲ್ಲಿ ಬೈಯುವುದಲ್ಲ, ಒರೆಗೆ ಹಚ್ಚಿ ನೋಡುವುದು. ಒರೆಗೆ ಹಚ್ಚುವುದು ಕಾನೂನನ್ನು. 1954ರಲ್ಲಿ ಸುಪ್ರೀಂ ಕೋರ್ಟಿನ ಬ್ರೌನ್ ತೀರ್ಪು ಪ್ರತ್ಯೇಕ ಶಾಲೆಗಳನ್ನು ಸಂವಿಧಾನಬಾಹಿರ ಎಂದಿತು. 1964ರ ನಾಗರಿಕ ಹಕ್ಕುಗಳ ಕಾಯ್ದೆ, 1965ರ ಮತದಾನದ ಕಾಯ್ದೆ, 1968ರ ವಸತಿ ಕಾಯ್ದೆ ಬಂದವು. ಕಾನೂನಿನ ಪುಸ್ತಕದಿಂದ ‘ಬಿಳಿಯ’, ‘ಕಪ್ಪು’ ಎಂಬ ಭೇದ ಹೋಯಿತು. ಹಾಗಿದ್ದೂ ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ ಶಾಲೆ, ಮನೆ, ಜೈಲು, ಸಂಬಳ ಎಲ್ಲಿ ನೋಡಿದರೂ ಅಂತರ ಉಳಿದೇ ಇತ್ತು. ಶಬ್ದ ಹೋದ ಮೇಲೂ ಫಲ ಏಕೆ ಬದಲಾಗಲಿಲ್ಲ? ಈ ಸಿದ್ಧಾಂತದ ಇಡೀ ಮೈ ಇರುವುದು ಈ ಒಂದು ಪ್ರಶ್ನೆಯ ಮೇಲೆ.

ಪ್ರಶ್ನೆ ಎತ್ತಿದವರಲ್ಲಿ ಮೊದಲಿಗರು ಡೆರಿಕ್ ಬೆಲ್. ಹಾರ್ವರ್ಡ್ ಕಾನೂನು ಕಾಲೇಜಿನಲ್ಲಿ 1971ರಲ್ಲಿ ಕಾಯಂ ಆದ ಮೊದಲ ಕಪ್ಪು ಪ್ರಾಧ್ಯಾಪಕರು. ಅದಕ್ಕೂ ಮೊದಲು ವಕೀಲರಾಗಿ ಮಿಸಿಸಿಪ್ಪಿಯಲ್ಲಿ ಮುನ್ನೂರಕ್ಕೂ ಹೆಚ್ಚು ಶಾಲಾ ಮೊಕದ್ದಮೆಗಳ ಉಸ್ತುವಾರಿ ನೋಡಿದ್ದರು. ಕೋರ್ಟಿನಲ್ಲಿ ಗೆದ್ದ ಮೇಲೆ ಊರಲ್ಲಿ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿ, ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳುವ ಬದಲು 1959ರಿಂದ 1964ರವರೆಗೆ ಸರ್ಕಾರಿ ಶಾಲೆಗಳಿಗೇ ಬೀಗ ಹಾಕಿತು. ಬಿಳಿಯ ಮಕ್ಕಳು ಖಾಸಗಿ ಅಕಾಡೆಮಿಗೆ ಹೋದರು. ಐದು ವರ್ಷ ಊರಿನ ಬಹುಪಾಲು ಕಪ್ಪು ಮಕ್ಕಳಿಗೆ ಶಾಲೆಯೇ ಇರಲಿಲ್ಲ. ಇಂಥದನ್ನೆಲ್ಲ ಕಂಡ ಬೆಲ್, 1980ರ ಲೇಖನದಲ್ಲಿ ಒಂದು ಕಹಿ ಮಾತು ಹೇಳಿದರು: ಕಪ್ಪು ಜನರಿಗೆ ನ್ಯಾಯ ಸಿಗುವುದು ಅದು ಬಿಳಿಯರ ಹಿತಕ್ಕೂ ಕೂಡಿಬಂದಾಗ ಮಾತ್ರ. ಇದನ್ನು ‘ಹಿತಾಸಕ್ತಿಗಳ ಕೂಡುವಿಕೆ’ ಅನ್ನಬಹುದು. ಮುಂದೆ ಮೇರಿ ಡುಡ್ಜಿಯಾಕ್ ಎಂಬ ಇತಿಹಾಸಕಾರ್ತಿ ಸರ್ಕಾರದ ಕಡತ ತೆಗೆದು ನೋಡಿದಾಗ ಇದಕ್ಕೆ ಪುಷ್ಟಿ ಸಿಕ್ಕಿತು. ಬ್ರೌನ್ ಮೊಕದ್ದಮೆಯಲ್ಲಿ ಅಮೆರಿಕ ಸರ್ಕಾರ ಸಲ್ಲಿಸಿದ ಹೇಳಿಕೆಯಲ್ಲೇ, ಜನಾಂಗ ಭೇದ ಕಮ್ಯುನಿಸ್ಟರ ಪ್ರಚಾರಕ್ಕೆ ಆಹಾರವಾಗುತ್ತಿದೆ ಎಂಬ ಚಿಂತೆ ಇತ್ತು.

1989ರ ಜುಲೈಯಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್ ಬಳಿ ಸೇರಿದ ಒಂದು ಸಣ್ಣ ಕಮ್ಮಟದಲ್ಲಿ ‘ಕ್ರಿಟಿಕಲ್ ರೇಸ್ ಥಿಯರಿ’ ಎಂಬ ಹೆಸರು ಗಟ್ಟಿಯಾಯಿತು. ಕಿಂಬರ್ಲೆ ಕ್ರೆನ್‌ಶಾ, ಮಾರಿ ಮಾತ್ಸುದಾ, ರಿಚರ್ಡ್ ಡೆಲ್ಗಾಡೊ ಎಂಬ ಕಾನೂನು ವಿದ್ವಾಂಸರು ಅಲ್ಲಿದ್ದವರು.

‘ವ್ಯವಸ್ಥೆಯೊಳಗಿನ ಜನಾಂಗ ಭೇದ’ ಎಂಬ ಮಾತಿನ ಅರ್ಥ ನಿಮ್ಮ ರಾಜ್ಯದ್ದೇ ಒಂದು ಮೊಕದ್ದಮೆಯಲ್ಲಿ ಚೆನ್ನಾಗಿ ಕಾಣುತ್ತದೆ. ಸ್ಯಾನ್ ಆಂಟೋನಿಯೊದಲ್ಲಿ ಎಡ್ಜ್‌ವುಡ್, ಅಲಮೊ ಹೈಟ್ಸ್ ಎಂದು ಎರಡು ಶಾಲಾ ಜಿಲ್ಲೆಗಳು, ಅಂದರೆ ಆಯಾ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಘಟಕಗಳು. ಎಡ್ಜ್‌ವುಡ್‌ನಲ್ಲಿ ನೂರಕ್ಕೆ ತೊಂಬತ್ತು ಮಕ್ಕಳು ಮೆಕ್ಸಿಕನ್ ಮೂಲದವರು. ಅಲಮೊ ಹೈಟ್ಸ್ ಬಹುಪಾಲು ಬಿಳಿಯರದು, ಸ್ಥಿತಿವಂತರದು. ಶಾಲೆಗೆ ಹಣ ಬರುವುದು ಮನೆ ಜಮೀನಿನ ತೆರಿಗೆಯಿಂದ. 1967-68ರಲ್ಲಿ ಎಡ್ಜ್‌ವುಡ್‌ನವರು ಪ್ರತಿ 100 ಡಾಲರ್ ಆಸ್ತಿಗೆ 1.05 ಡಾಲರ್ ತೆರಿಗೆ ಕಟ್ಟಿದರು, ಅವರ ಮನೆಗಳಿಗೆ ಬೆಲೆಯೇ ಇಲ್ಲದ್ದರಿಂದ ಅದರಿಂದ ಹುಟ್ಟಿದ್ದು ಒಂದು ಮಗುವಿಗೆ 26 ಡಾಲರ್. ಅಲಮೊ ಹೈಟ್ಸ್‌ನವರು ಕಟ್ಟಿದ್ದು 85 ಸೆಂಟ್, ಹುಟ್ಟಿದ್ದು 333 ಡಾಲರ್. ಹೆಚ್ಚು ದರದಲ್ಲಿ ತೆರಿಗೆ ಕಟ್ಟಿದವರಿಗೇ ಕಡಿಮೆ ಹಣ. ರಾಜ್ಯ, ಕೇಂದ್ರದ ಅನುದಾನ ಸೇರಿಸಿದ ಮೇಲೂ 356ಕ್ಕೆ 594 ಎಂಬ ಅಂತರ ಉಳಿಯಿತು. 1973ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತದಿಂದ, ಇದರಲ್ಲಿ ಸಂವಿಧಾನದ ಉಲ್ಲಂಘನೆ ಇಲ್ಲ ಎಂದಿತು.

ಆ ತೆರಿಗೆ ಕಾನೂನಿನಲ್ಲಿ ಯಾವ ಜನಾಂಗದ ಹೆಸರೂ ಇಲ್ಲ. ತೆರಿಗೆ ಗುಮಾಸ್ತನ ಮನಸ್ಸಿನಲ್ಲಿ ದ್ವೇಷ ಇರಬೇಕಾಗಿಯೂ ಇಲ್ಲ. ಆದರೆ ಮನೆಗೆ ಬೆಲೆ ಏಕಿಲ್ಲ ಎಂದು ಒಂದು ಹೆಜ್ಜೆ ಹಿಂದೆ ಹೋದರೆ, 1934ರಲ್ಲಿ ಶುರುವಾದ ಕೇಂದ್ರದ ಗೃಹಸಾಲ ಸಂಸ್ಥೆ ಕೈಗೆ ಸಿಗುತ್ತದೆ. ಬೇರೆ ಜನಾಂಗದವರು ಬಂದು ಸೇರುವ ಬಡಾವಣೆಗೆ ಸಾಲದ ಖಾತರಿ ಕೊಡುವುದು ಅಪಾಯ ಎಂದು ಅದರ ಕೈಪಿಡಿಯೇ ಹೇಳುತ್ತಿತ್ತು. ಅದೇ ಕಾಲದ ಇನ್ನೊಂದು ಸರ್ಕಾರಿ ಸಂಸ್ಥೆ ಊರೂರಿನ ನಕ್ಷೆ ಮಾಡಿ ಒಳ್ಳೆಯ ಬಡಾವಣೆಗೆ ಹಸಿರು, ಆಮೇಲೆ ನೀಲಿ, ಹಳದಿ, ಕೊನೆಗೆ ಕೆಂಪು ಬಣ್ಣ ಹಚ್ಚಿತು. ಪ್ರತಿ ಬಡಾವಣೆಯ ಫಾರಂನಲ್ಲಿ ‘ನೀಗ್ರೋ’ ಇದ್ದಾರೆಯೇ, ಎಷ್ಟು ಶೇಕಡಾ, ಎಂದು ತುಂಬಲು ಪ್ರತ್ಯೇಕ ಜಾಗವಿತ್ತು. (ಹಾನಿ ಮಾಡಿದ್ದು ಈ ನಕ್ಷೆಗಿಂತ ಹೆಚ್ಚಾಗಿ ಆ ಸಾಲ ಸಂಸ್ಥೆಯ ನಿಯಮ ಎಂದು ಈಚಿನ ಇತಿಹಾಸಕಾರರು ವಾದಿಸುತ್ತಾರೆ. ನಕ್ಷೆಯೊಂದನ್ನೇ ತೋರಿಸಿ ಎಲ್ಲವನ್ನೂ ಹೇಳಿ ಮುಗಿಸುವವರನ್ನು ಪೂರ್ತಿ ನಂಬಬೇಡಿ.) ಸಾಲ ಸಿಗದ ಕಡೆ ಮನೆ ಏಳಲಿಲ್ಲ, ಬೆಲೆ ಏರಲಿಲ್ಲ. ಬೆಲೆ ಏರದ ಕಡೆ ತೆರಿಗೆ ಹುಟ್ಟಲಿಲ್ಲ, ಶಾಲೆ ಸೊರಗಿತು. ಹೀಗೆ ಒಬ್ಬರೂ ಕೆಟ್ಟವರಿಲ್ಲದ ಸರಪಳಿಯಲ್ಲೂ ಕೆಟ್ಟ ಫಲ ಹರಿದು ಬರುತ್ತದೆ ಅನ್ನುವುದು ಸಿದ್ಧಾಂತದ ಮಾತು. ‘ಬಿಳಿಯರೆಲ್ಲ ಹುಟ್ಟಿನಿಂದ ತಪ್ಪಿತಸ್ಥರು’ ಎಂಬುದಕ್ಕೂ ಇದಕ್ಕೂ ಎಷ್ಟು ದೂರ ನೋಡಿ.

ನ್ಯಾಯಾಲಯಗಳಿಗೆ ಬೇಕಾದದ್ದು ಮಾತ್ರ ಉದ್ದೇಶದ ಸಾಕ್ಷಿ. ಜಾರ್ಜಿಯಾದ ಕೊಲೆ ಪ್ರಕರಣಗಳನ್ನು ಜಾಲಾಡಿದ ಒಂದು ಅಧ್ಯಯನ, ಸತ್ತವರು ಬಿಳಿಯರಾಗಿದ್ದರೆ ಆರೋಪಿಗೆ ಮರಣದಂಡನೆ ಬೀಳುವ ಸಾಧ್ಯತೆ 4.3 ಪಟ್ಟು ಹೆಚ್ಚು ಎಂದು ತೋರಿಸಿತು. ಅಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಮೆಕ್ಲೆಸ್ಕಿ ಎಂಬವರು ಇದನ್ನು ಮುಂದಿಟ್ಟಾಗ, 1987ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಅಂಕಿಅಂಶ ಸರಿ ಎಂದೇ ಇಟ್ಟುಕೊಂಡರೂ ನಿನ್ನ ಪ್ರಕರಣದಲ್ಲಿ ಯಾರು ಬೇಕೆಂದೇ ಭೇದ ಮಾಡಿದರು ತೋರಿಸು ಎಂದಿತು. ಅಲ್ಲೂ ಐದಕ್ಕೆ ನಾಲ್ಕು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಪೊವೆಲ್, ನಿವೃತ್ತರಾದ ಮೇಲೆ, ಬದಲಾಯಿಸಲು ಸಾಧ್ಯವಿದ್ದರೆ ತಮ್ಮ ಆ ಮತವನ್ನು ಬದಲಾಯಿಸುತ್ತಿದ್ದೆ ಎಂದರು.

ಇನ್ನೊಂದು ಪರಿಕಲ್ಪನೆ ‘ಇಂಟರ್‌ಸೆಕ್ಷನಾಲಿಟಿ’. ಹೆಸರು ಭಾರ, ವಿಷಯ ಹಗುರ. 1964ಕ್ಕೆ ಮೊದಲು ಜನರಲ್ ಮೋಟರ್ಸ್ ಕಪ್ಪು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಎಪ್ಪತ್ತರ ದಶಕದ ಹಿಂಜರಿತದಲ್ಲಿ ಸೇವಾ ಹಿರಿತನ ನೋಡಿ ಕೆಲಸ ಕಡಿತ ಮಾಡಿದರು, ಕೊನೆಗೆ ಬಂದವರು ಮೊದಲು ಹೊರಗೆ. ನಿಯಮ ಎಲ್ಲರಿಗೂ ಒಂದೇ. ಆದರೆ ಕಪ್ಪು ಹೆಂಗಸರು ತಡವಾಗಿ ಸೇರಿದ್ದೇ ಬಾಗಿಲು ಮುಚ್ಚಿದ್ದರಿಂದ. 1970ರ ನಂತರ ಸೇರಿದ್ದ ಅವರೆಲ್ಲರ ಕೆಲಸ ಹೋಯಿತು. ಐವರು ಕೋರ್ಟಿಗೆ ಹೋದರು. ಕಂಪನಿಯಲ್ಲಿ ಹೆಂಗಸರಿದ್ದಾರಲ್ಲ ಎಂದಿತು ಕೋರ್ಟು. ಇದ್ದವರು ಕಚೇರಿಯಲ್ಲಿನ ಬಿಳಿಯ ಹೆಂಗಸರು. ಜನಾಂಗ ಭೇದದ ದೂರಿದ್ದರೆ ಬೇರೆಯವರ ಮೊಕದ್ದಮೆಗೆ ಸೇರಿಕೊಳ್ಳಿ ಎಂದಿತು. ಎರಡನ್ನೂ ಕೂಡಿಸಿ ಕೇಳುವ ಹಕ್ಕು ಕಾನೂನಿನಲ್ಲಿ ಇಲ್ಲ ಎಂದು 1976ರಲ್ಲಿ ತೀರ್ಪಾಯಿತು. ಎರಡು ರಸ್ತೆ ಕೂಡುವ ಚೌಕದಲ್ಲಿ ನಿಂತವರಿಗೆ ಎರಡೂ ಕಡೆಯಿಂದ ಗಾಡಿ ಬಡಿಯಬಹುದು ಎಂದು ಕ್ರೆನ್‌ಶಾ 1989ರಲ್ಲಿ ಬರೆದದ್ದು ಈ ತೀರ್ಪನ್ನೇ ಇಟ್ಟುಕೊಂಡು. ದಲಿತ ಹೆಂಗಸಿನ ದೂರು ಜಾತಿಯ ಕಡತಕ್ಕೂ ಪೂರ್ತಿ ಸೇರದೆ, ಮಹಿಳೆಯ ಕಡತಕ್ಕೂ ಪೂರ್ತಿ ಸೇರದೆ ಅಲೆದಾಡುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಿದ್ಧಾಂತದ ವಿರುದ್ಧ ಗಟ್ಟಿ ಆಕ್ಷೇಪಗಳೂ ಇವೆ, ಅವನ್ನು ಮುಚ್ಚಿಡುವುದು ನಿಮಗೆ ಮಾಡುವ ಅನ್ಯಾಯ. ಹಾರ್ವರ್ಡಿನವರೇ ಆದ, ಸ್ವತಃ ಕಪ್ಪು ಪ್ರಾಧ್ಯಾಪಕರಾದ ರ‍್ಯಾಂಡಲ್ ಕೆನಡಿ 1989ರಲ್ಲೇ, ಬರೆದವರ ಜನಾಂಗ ಯಾವುದು ಎಂಬುದರಿಂದ ವಾದಕ್ಕೆ ತೂಕ ಬರುವುದಿಲ್ಲ ಎಂದು ಖಂಡಿಸಿದರು. ಅನುಭವದ ಕಥನವನ್ನು ಸಾಕ್ಷಿಯ ಜಾಗದಲ್ಲಿ ಕೂರಿಸುತ್ತಾರೆ ಎಂಬ ದೂರು ಹಳೆಯದು, ಅದರಲ್ಲಿ ಹುರುಳಿದೆ. ‘ಹಿತಾಸಕ್ತಿಗಳ ಕೂಡುವಿಕೆ’ಯ ತೊಂದರೆ ಎಂದರೆ, ಸುಧಾರಣೆ ಬಂದರೆ ಹಿತ ಕೂಡಿತು, ಬಾರದಿದ್ದರೆ ಕೂಡಲಿಲ್ಲ ಎಂದು ಎರಡಕ್ಕೂ ಅದನ್ನೇ ಕಾರಣ ಹೇಳಬಹುದು. ಯಾವುದರಿಂದಲೂ ಸುಳ್ಳಾಗದ ವಿವರಣೆಯ ಮೇಲೆ ಪೂರ್ತಿ ಭಾರ ಹಾಕಬಾರದು. ಅಮೆರಿಕದಲ್ಲಿ ಜನಾಂಗ ಭೇದ ಎಂದೂ ಹೋಗದು ಎಂಬ ಬೆಲ್ ಅವರ ಕೊನೆಗಾಲದ ನಿಲುವನ್ನು ಅವರ ಜೊತೆಗಾರರೇ ಎಲ್ಲರೂ ಒಪ್ಪಲಿಲ್ಲ.

ಏಷ್ಯನ್ ಕುಟುಂಬಗಳಿಗೆ ತಾಗುವ ಆಕ್ಷೇಪ ‘ಮೆರಿಟ್’ ಕುರಿತದ್ದು. ಅಂಕ, ಪರೀಕ್ಷೆ ಇವೆಲ್ಲ ಬಲಿಷ್ಠರು ಕಟ್ಟಿಕೊಂಡ ಅಳತೆಗೋಲು ಎಂದರೆ, ಅದೇ ಅಳತೆಯಲ್ಲಿ ಮುಂದೆ ಬಂದ ಅಲ್ಪಸಂಖ್ಯಾತರ ಶ್ರಮಕ್ಕೆ ಏನೆನ್ನುತ್ತೀರಿ ಎಂದು ಡೇನಿಯಲ್ ಫಾರ್ಬರ್, ಸುಝಾನಾ ಶೆರ್ರಿ ಎಂಬ ಕಾನೂನು ಪ್ರಾಧ್ಯಾಪಕರು ಕೇಳಿದರು. ಒಳ್ಳೆಯ ಪ್ರಶ್ನೆ. ಇದಕ್ಕೆ ಇನ್ನೊಂದು ಮಗ್ಗುಲಿದೆ. 1965ರ ವಲಸೆ ಕಾಯ್ದೆ ಬಂದ ಮೇಲೆ ಭಾರತದಿಂದ ಬಂದವರಲ್ಲಿ ಡಾಕ್ಟರು, ಎಂಜಿನಿಯರುಗಳೇ ಹೆಚ್ಚು, ಜರಡಿ ಹಿಡಿದು ಆರಿಸಿದ ಗುಂಪು ಅದು. ಆ ಗುಂಪನ್ನು ತೋರಿಸಿ ‘ಇವರು ಮೇಲೆ ಬರಲಿಲ್ಲವೇ, ನಿಮಗೇನಾಯಿತು’ ಎಂದು ಕಪ್ಪು ಜನರನ್ನು ಕೇಳುವುದು ಲೆಕ್ಕವೇ ಅಲ್ಲ. ಕನ್ನಡಿಗರಿಗೆ ಈ ವಾದ ಹೊಸದೂ ಅಲ್ಲ. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣರೇ ಏಕೆ ತುಂಬಿದ್ದಾರೆ, ಸರಿಪಡಿಸುವುದು ಹೇಗೆ ಎಂದು ನೋಡಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದಾಗ ಮೈಸೂರಿನಲ್ಲೂ ಇದೇ ಜಗಳ ನಡೆದಿತ್ತು.

ತರಬೇತಿಗಳ ಬಗ್ಗೆ ಮನವಿ ಬರೆದವರ ಸಿಟ್ಟು ಪೂರ್ತಿ ಕಲ್ಪನೆಯಲ್ಲ. 2020ರಲ್ಲಿ ಸ್ಮಿತ್ಸೋನಿಯನ್‌ನ ಆಫ್ರಿಕನ್ ಅಮೆರಿಕನ್ ಇತಿಹಾಸ ಮ್ಯೂಸಿಯಂ ತನ್ನ ತಾಣದಲ್ಲಿ ಒಂದು ಪಟ್ಟಿ ಹಾಕಿತ್ತು. ಕಷ್ಟಪಟ್ಟು ದುಡಿಯುವುದು, ತರ್ಕಬದ್ಧವಾಗಿ ಯೋಚಿಸುವುದು ಇವೆಲ್ಲ ‘ಬಿಳಿಯ ಸಂಸ್ಕೃತಿಯ’ ಲಕ್ಷಣ ಎಂಬಂತೆ ಅದರಲ್ಲಿತ್ತು. ಟೀಕೆ ಬಂತು, ತೆಗೆದರು. ತೆಗೆದದ್ದು ಸರಿ. ಆ ಪಟ್ಟಿ ಕಪ್ಪು ಮಗುವಿಗೂ ಅವಮಾನ, ನಿಮ್ಮ ಮಗನಿಗೂ ಅವಮಾನ. ಅಂಥದು ನಿಮ್ಮ ಶಾಲೆಯಲ್ಲಿ ಕಂಡರೆ ಖಂಡಿತ ವಿರೋಧಿಸಿ.

ಈಗ ಮನವಿಯ ವಿಷಯ. ಟೆಕ್ಸಾಸಿನಲ್ಲಿ 2021ರಲ್ಲೇ ಮೊದಲು ಹೌಸ್ ಬಿಲ್ 3979, ಆಮೇಲೆ ಸೆನೆಟ್ ಬಿಲ್ 3 ಬಂದಿವೆ. ಒಂದು ಜನಾಂಗ ಹುಟ್ಟಿನಿಂದ ಮೇಲು ಎಂದಾಗಲಿ, ಜನಾಂಗದ ಕಾರಣಕ್ಕೆ ಮಗು ತಪ್ಪಿತಸ್ಥ ಭಾವ ಹೊರಬೇಕು ಎಂದಾಗಲಿ ಪಾಠದ ಭಾಗವಾಗಿ ಕಲಿಸುವಂತಿಲ್ಲ. ಅಂದರೆ ಮನವಿ ಕೇಳುವ ನಿಷೇಧ ಆಗಲೇ ಕಾನೂನಿನಲ್ಲಿದೆ. ಉಳಿಯುವುದು ಆ ‘ಇದನ್ನೆಲ್ಲ’ ಎಂಬ ಮಾತು, ಅಪಾಯ ಇರುವುದೂ ಅಲ್ಲೇ. ಏನು ಎಂದು ಹೇಳದೆ ನಿಲ್ಲಿಸಿ ಎಂದರೆ ಶಿಕ್ಷಕರು ಹೆದರಿ ಪಾಠವನ್ನೇ ಕತ್ತರಿಸುತ್ತಾರೆ. ನಿಮ್ಮ ಪಕ್ಕದ ಸೌತ್‌ಲೇಕ್‌ನಲ್ಲಿ 2021ರ ಅಕ್ಟೋಬರಿನಲ್ಲಿ, ಹಾಲೊಕಾಸ್ಟ್ ಕುರಿತ ಪುಸ್ತಕ ಇಟ್ಟರೆ ಅದರ ಎದುರು ದೃಷ್ಟಿಯ ಪುಸ್ತಕವನ್ನೂ ಇಡಿ ಎಂದು ಅಧಿಕಾರಿಯೊಬ್ಬರು ಶಿಕ್ಷಕರಿಗೆ ಹೇಳಿದರು. ಲಕ್ಷಾಂತರ ಯಹೂದಿಗಳ ಕಗ್ಗೊಲೆಗೆ ಎದುರು ದೃಷ್ಟಿ ಯಾವುದು? ಶಾಲಾ ಜಿಲ್ಲೆ ಕ್ಷಮೆ ಕೇಳಬೇಕಾಯಿತು. ಅದೇ ತಿಂಗಳು ಶಾಸಕರೊಬ್ಬರು ಸುಮಾರು 850 ಪುಸ್ತಕಗಳ ಪಟ್ಟಿ ಕಳಿಸಿ, ಇವು ನಿಮ್ಮಲ್ಲಿ ಎಷ್ಟಿವೆ ಎಂದು ಶಾಲೆಗಳನ್ನು ಕೇಳಿದರು. ನನ್ನ ಅಭಿಪ್ರಾಯ ಕೇಳಿದ್ದೀರಿ: ಈ ಮನವಿಗೆ ಸಹಿ ಹಾಕಬೇಡಿ.

ಅದರ ಬದಲು ಶಿಕ್ಷಕರಿಗೆ ನೇರ ಇಮೇಲ್ ಮಾಡಿ. ಟೆಕ್ಸಾಸಿನ ಶಿಕ್ಷಣ ಸಂಹಿತೆಯ 26ನೇ ಅಧ್ಯಾಯ ಪಾಠದ ಸಾಮಗ್ರಿ ನೋಡುವ ಹಕ್ಕನ್ನು ತಂದೆ ತಾಯಿಗೆ ಕೊಡುತ್ತದೆ, ಕಾರಣ ಹೇಳಬೇಕಾಗಿಲ್ಲ. ಘಟಕದ ಹೆಸರು, ಓದಲು ಕೊಟ್ಟ ಪುಟಗಳು, ಹೋಮ್‌ವರ್ಕ್ ಹಾಳೆ, ಅದು ರಾಜ್ಯದ ಪಠ್ಯಕ್ರಮದ ಯಾವ ಅಂಶಕ್ಕೆ ಸೇರಿದ್ದು, ಇಷ್ಟು ಕೇಳಿ. ‘ಸಿಆರ್‌ಟಿ’ ಎಂಬ ಶಬ್ದ ಬರೆಯಬೇಡಿ, ಬರೆದ ಕ್ಷಣ ಎದುರಿನವರು ವಕೀಲರ ಭಾಷೆಗೆ ಇಳಿಯುತ್ತಾರೆ. ಬಂದದ್ದನ್ನು ಮಗನ ಜೊತೆ ಕೂತು ಓದಿ. ಒಂದು ಸಾಲು ತಪ್ಪೆನಿಸಿದರೆ ಆ ಸಾಲನ್ನೇ ಬರೆದು ಕೇಳಿ, ಆಮೇಲೆ ಪ್ರಿನ್ಸಿಪಾಲರು, ಅದಕ್ಕೂ ಆಗದಿದ್ದರೆ ಬೋರ್ಡ್. ಧಾರ್ಮಿಕ ಅಥವಾ ನೈತಿಕ ನಂಬಿಕೆಗೆ ವಿರುದ್ಧವಾದ ಪಾಠದಿಂದ ಮಗುವನ್ನು ತಾತ್ಕಾಲಿಕವಾಗಿ ಹೊರಗಿಡಲೂ ಅದೇ ಅಧ್ಯಾಯದಲ್ಲಿ ಅವಕಾಶವಿದೆ. ಆದರೆ ಪರೀಕ್ಷೆ ತಪ್ಪಿಸಲು, ಇಡೀ ಸೆಮಿಸ್ಟರ್ ಬಿಡಿಸಲು ಬರುವುದಿಲ್ಲ. ಎಂಟನೇ ಗ್ರೇಡಿನ ರಾಜ್ಯ ಪರೀಕ್ಷೆಯಲ್ಲಿ ಸಮಾಜ ವಿಜ್ಞಾನವೂ ಇರುವುದರಿಂದ ಬಿಟ್ಟ ಪಾಠ ಅಲ್ಲಿ ಕೈಕೊಡುತ್ತದೆ. ಗೆಳೆಯರೆಲ್ಲ ಕೂತ ತರಗತಿಯಿಂದ ಒಬ್ಬನೇ ಎದ್ದು ಹೋಗುವುದು ಹದಿಮೂರರ ಹುಡುಗನಿಗೆ ಸಣ್ಣ ವಿಷಯವೂ ಅಲ್ಲ.

ಜಾತಿಯ ಹಣೆಪಟ್ಟಿ ಎಂಬ ಭಯಕ್ಕೆ ಆಧಾರ ಕಡಿಮೆ. ಸಿಯಾಟಲ್ ನಗರಸಭೆ 2023ರ ಫೆಬ್ರವರಿಯಲ್ಲಿ ಜಾತಿ ಭೇದವನ್ನು ನಿಷೇಧಿಸಿತು. ಕ್ಯಾಲಿಫೋರ್ನಿಯಾದ ಅಂಥದೇ ಮಸೂದೆಯನ್ನು ಗವರ್ನರ್ ನ್ಯೂಸಮ್ ಅದೇ ಅಕ್ಟೋಬರಿನಲ್ಲಿ, ಈಗಿರುವ ಕಾನೂನೇ ಸಾಕು ಎಂದು ತಡೆದರು. ಭಾರತೀಯರನ್ನೇ ಬೊಟ್ಟು ಮಾಡಿದಂತಾಗುತ್ತದೆ ಎಂದು ಕೆಲವು ಹಿಂದೂ ಸಂಘಟನೆಗಳು ವಿರೋಧಿಸಿದವು, ಅನುಭವಿಸಿದವರ ನೋವು ನಿಜ ಎಂದು ದಲಿತ ಸಂಘಟನೆಗಳು ಬೆಂಬಲಿಸಿದವು. ಸಿಯಾಟಲ್ ಕಾನೂನು ಹಿಡಿಯುವುದು ನೌಕರಿ ಕೊಡದವರನ್ನು, ಮನೆ ಬಾಡಿಗೆ ಕೊಡದವರನ್ನು. ತರಗತಿಯಲ್ಲಿ ಮಗುವಿನ ಜಾತಿ ಕೇಳುವ ಅಂಶ ಅದರಲ್ಲಿಲ್ಲ.

ಇನ್ನು ಮಗನ ಪ್ರಶ್ನೆ. ಅದೇ ಪ್ರಶ್ನೆಯನ್ನು ಅಮೆರಿಕದ ಸುಪ್ರೀಂ ಕೋರ್ಟು ನೂರು ವರ್ಷದ ಹಿಂದೆ ಬಿಡಿಸಲು ಕೂತಿತ್ತು ಎಂದು ಅವನಿಗೆ ಹೇಳಿ. 1790ರ ಕಾಯ್ದೆಯಂತೆ ಹೊರಗಿನಿಂದ ಬಂದವರಲ್ಲಿ ‘ಸ್ವತಂತ್ರ ಬಿಳಿಯ’ರಿಗೆ ಮಾತ್ರ ಪೌರತ್ವ. 1870ರಲ್ಲಿ ಆಫ್ರಿಕನ್ ಮೂಲದವರನ್ನು ಸೇರಿಸಿದರು, ಏಷ್ಯದವರು ಹೊರಗೇ ಉಳಿದರು. ತಾಕಾವೊ ಒಜಾವಾ ಎಂಬ ಜಪಾನಿನವರು ನನ್ನ ಮೈ ಬೆಳ್ಳಗಿದೆ ಎಂದು ವಾದಿಸಿದಾಗ, 1922ರಲ್ಲಿ ಕೋರ್ಟು, ಮೈಬಣ್ಣ ಮುಖ್ಯವಲ್ಲ, ಬಿಳಿಯ ಅಂದರೆ ಕಾಕೇಶಿಯನ್ (ಆಗಿನ ವಿದ್ವಾಂಸರು ಗುರುತಿಸಿದ್ದ ಒಂದು ಜನಾಂಗ) ಎಂದಿತು. ಮೂರೇ ತಿಂಗಳಿಗೆ ಭಗತ್ ಸಿಂಗ್ ಥಿಂಡ್ ಬಂದರು. ಪಂಜಾಬಿನವರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಸಮವಸ್ತ್ರ ತೊಟ್ಟವರು. ಅಂದಿನ ವಿದ್ವಾಂಸರು ಉತ್ತರ ಭಾರತದವರನ್ನು ಕಾಕೇಶಿಯನ್ ಎಂದೇ ಬರೆದಿದ್ದರು. ತಾನು ಮೇಲ್ಜಾತಿಯವನು, ಆರ್ಯ ಎಂಬುದನ್ನೂ ಥಿಂಡ್ ಮುಂದಿಟ್ಟರು. ಒಜಾವಾ ತೀರ್ಪು ಬರೆದ ನ್ಯಾಯಮೂರ್ತಿ ಸದರ್‌ಲ್ಯಾಂಡ್ ಅವರೇ 1923ರ ಫೆಬ್ರವರಿ 19ರಂದು, ವಿದ್ವಾಂಸರ ಮಾತು ಬೇಡ, ಸಾಮಾನ್ಯ ಮನುಷ್ಯನ ಕಣ್ಣಿಗೆ ಇವರು ಬಿಳಿಯರಲ್ಲ ಎಂದು ಬರೆದರು. ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದ ಅದನ್ನು ಕಿತ್ತುಕೊಂಡರು. ಹಾಗೆ ಕಳೆದುಕೊಂಡ ವೈಷ್ಣೋ ದಾಸ್ ಬಗಾಯ್ 1928ರಲ್ಲಿ ಪ್ರಾಣ ಬಿಟ್ಟರು.

ಒಜಾವಾಗೆ ಒಂದು ಅಳತೆ, ಥಿಂಡ್‌ಗೆ ಇನ್ನೊಂದು. ಜನಾಂಗ ಎಂಬುದು ಮೈಯಲ್ಲಿ ಇರುವುದಲ್ಲ, ಕಾನೂನು ಮತ್ತು ಸಮಾಜ ಗೆರೆ ಎಳೆದು ಮಾಡಿದ್ದು ಎಂದು ಸಿದ್ಧಾಂತದವರು ಹೇಳುವಾಗ ಎತ್ತಿ ತೋರಿಸುವುದು ಇದೇ ಎರಡು ತೀರ್ಪುಗಳನ್ನು. ಹಾಗಾಗಿ ಮಗನಿಗೆ ‘ಅಲ್ಲಪ್ಪ, ನಮ್ಮನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಲಿಲ್ಲ, ಆ ಗೆರೆ ಎಳೆದವರು ಯಾರು ನೋಡೋಣ ಬಾ’ ಎಂದು ಶುರು ಮಾಡಬಹುದು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ, ಜೊತೆಗೆ ವರ್ಷಕ್ಕೆ ನೂರು ಜನ ಮಾತ್ರ ಬರಬಹುದೆಂಬ ಮಿತಿ. ಥಿಂಡ್‌ಗೆ ಅದಕ್ಕೂ ಹತ್ತು ವರ್ಷ ಮೊದಲೇ, 1936ರಲ್ಲಿ ಸಿಕ್ಕಿತು. ಯುದ್ಧದಲ್ಲಿ ಸೇವೆ ಮಾಡಿದವರಿಗೆ ಜನಾಂಗ ನೋಡದೆ ಪೌರತ್ವ ಕೊಡಿ ಎಂದು ಕಾಂಗ್ರೆಸ್ 1935ರಲ್ಲಿ ಕಾಯ್ದೆ ಮಾಡಿತ್ತು.